ಅಳತೆ ಅರಿಯದ ನಕಲು

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಕೇಳದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ತಿಂಗಳ ಮೊದಲ ದಿನ ಸಂಬಳದ ಹಣ ಮನೆ ಸೇರುತ್ತಲೇ ಗೃಹಿಣಿಯ ಬಾಯಲ್ಲಿ ಬರುವ ಮೊದಲ ಮಾತೂ ಅದೇ, ಮದುವೆಯ ಖರ್ಚಿನ ಪಟ್ಟಿ ಹಿಡಿದು ಕುಳಿತ ಹಿರಿಯರ ಕೊನೆಯ ಮಾತೂ ಅದೇ. ಆದರೆ ಕ್ಷಣಾರ್ಧದಲ್ಲಿ ಕೋಟಿ ಲೆಕ್ಕ ಮಾಡುವ ಗಣಕಯಂತ್ರದ ಅಂತರಂಗದಲ್ಲಿ, ಈ ಗಾದೆಯನ್ನು ಅರಿಯದ ಒಂದು ಪುಟ್ಟ ಸೂತ್ರವು ದಶಕಗಳ ಕಾಲ ನೆಮ್ಮದಿಯಾಗಿ ನೆಲೆಸಿತ್ತೆಂದರೆ ಆಶ್ಚರ್ಯವಾಗದಿರದು. ಅದನ್ನು ಒಂದೊಂದೇ ಸಾಲಿನಿಂದ ಹುಡುಕಿ ತೆಗೆದು, ಅದರ ಸ್ಥಾನದಲ್ಲಿ ಅಳತೆ ಬಲ್ಲ ಸೂತ್ರವನ್ನು ಇರಿಸುವ ಕಾರ್ಯವು ಸದ್ದುಗದ್ದಲವಿಲ್ಲದೆ ನಡೆದು ಬಂದಿದೆ. ಮೇಲ್ನೋಟಕ್ಕೆ ಅದು ಒಂದು ಪದವನ್ನು ಅಳಿಸಿ ಇನ್ನೊಂದನ್ನು ಬರೆಯುವ ಗುಮಾಸ್ತಿಕೆಯ ಕೆಲಸ. ಒಳಹೊಕ್ಕು ನೋಡಿದರೆ, ಅದಕ್ಕಿಂತ ಜಾಗರೂಕತೆ ಬೇಡುವ ಕೆಲಸಗಳು ಕಡಿಮೆ.

ಯಂತ್ರದ ಗರ್ಭಗುಡಿ

ಗಣಕಯಂತ್ರದಲ್ಲಿ ಓಡುವ ತಂತ್ರಾಂಶಗಳಲ್ಲಿ ಎರಡು ವರ್ಗಗಳಿವೆ. ಪತ್ರ ಬರೆಯುವುದು, ಚಿತ್ರ ನೋಡುವುದು, ಹಾಡು ಕೇಳುವುದು ಮುಂತಾದ ಕೆಲಸಗಳ ತಂತ್ರಾಂಶಗಳು ಹೊರಾಂಗಣದಲ್ಲಿ ಇರುವಂಥವು. ಅವುಗಳಲ್ಲೊಂದು ಮುಗ್ಗರಿಸಿದರೆ ಅದೊಂದೇ ಬೀಳುತ್ತದೆ. ಉಳಿದವು ತಮ್ಮ ಪಾಡಿಗೆ ತಾವಿರುತ್ತವೆ. ಎರಡನೆಯದು ಕರ್ನಲ್. ಇದು ಆಪರೇಟಿಂಗ್ ಸಿಸ್ಟಂನ ಗರ್ಭಗುಡಿ. ಯಂತ್ರದ ಸಮಸ್ತ ಸ್ಮರಣಕೋಶವೂ ಇದರ ಅಧೀನ. ಕೀಲಿಮಣೆ, ಮುದ್ರಣಯಂತ್ರ, ಜಾಲದ ಕಾರ್ಡು, ಡಿಸ್ಕು ಮೊದಲಾದ ಪ್ರತಿಯೊಂದು ಉಪಕರಣದೊಡನೆ ಅದರದರ ಭಾಷೆಯಲ್ಲಿ ಮಾತನಾಡುವ ಡ್ರೈವರ್ ಎಂಬ ದುಭಾಷಿಗಳು ಸಾಮಾನ್ಯವಾಗಿ ಈ ಗರ್ಭಗುಡಿಯೊಳಗೇ ಇರುತ್ತವೆ. ಹೀಗಾಗಿ ಒಂದು ಸಾಧಾರಣ ಡ್ರೈವರ್ ಎಡವಿದರೂ ಇಡೀ ಯಂತ್ರವೇ ಸ್ತಬ್ಧವಾಗಬಹುದು. ದುಷ್ಟರ ಕೈಗೆ ಅದು ಸಿಕ್ಕಿದರೆ ಇಡೀ ಯಂತ್ರದ ಕೀಲಿಕೈಯೇ ಸಿಕ್ಕಂತೆ.

ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ಪ್ರತಿಯೊಂದು ಆಂಡ್ರಾಯ್ಡ್ ಮೊಬೈಲಿನ ಒಳಗೂ ಇದೆ. ಅದರ ಮೂಲಪಾಠವು ಎಲ್ಲರಿಗೂ ತೆರೆದ ಪುಸ್ತಕ. ಆ ಪಾಠದಲ್ಲಿ ಅತಿ ದೊಡ್ಡ ಪಾಲು ಡ್ರೈವರುಗಳದ್ದೇ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳ ಜನ, ಬೇರೆ ಬೇರೆ ಉಪಕರಣಗಳಿಗಾಗಿ ಬರೆದ ಭಾಗವಿದು. ಹಳೆಯ ಅಭ್ಯಾಸಗಳು ಅಡಗಿ ಕುಳಿತುಕೊಳ್ಳಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಬೇರೊಂದಿಲ್ಲ.

ಕೊನೆಯ ಬೋಗಿಯ ಫಲಕ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ೧೯೭೨ರ ಸುಮಾರಿಗೆ ರೂಪಿಸಿದ ಸಿ ಭಾಷೆಯಲ್ಲಿ ಕರ್ನಲ್‌ನ ಬಹುಭಾಗ ರಚಿತವಾಗಿದೆ. ಆ ಭಾಷೆಯಲ್ಲಿ ಒಂದು ಹೆಸರನ್ನೋ ವಾಕ್ಯವನ್ನೋ ಸ್ಮರಣಕೋಶದಲ್ಲಿ ಇಡುವ ಕ್ರಮ ಬಲು ಸರಳವಾದುದು. ಅಕ್ಷರಗಳನ್ನು ಒಂದರ ಹಿಂದೊಂದರಂತೆ ಬೈಟ್ ಎಂಬ ಪುಟ್ಟ ಮನೆಗಳಲ್ಲಿ ಇರಿಸಿ, ಕೊನೆಗೊಂದು ಸೊನ್ನೆಯನ್ನು ಇಡಲಾಗುತ್ತದೆ. ಸರಣಿ ಎಷ್ಟು ಉದ್ದವೆಂದು ಎಲ್ಲಿಯೂ ಬರೆದಿರುವುದಿಲ್ಲ. ಓದುತ್ತ ಹೋಗಬೇಕು, ಸೊನ್ನೆ ಸಿಕ್ಕಾಗ ನಿಲ್ಲಬೇಕು.

ಇದನ್ನು ತಿಳಿಯಲು ಹುಬ್ಬಳ್ಳಿಯ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ. ರೈಲಿನ ಕೊನೆಯ ಬೋಗಿಯ ಬೆನ್ನ ಮೇಲೆ ದೊಡ್ಡದೊಂದು ಗುಣಾಕಾರದ ಚಿಹ್ನೆಯೂ, ‘ಎಲ್‌ವಿ’ ಎಂಬ ಫಲಕವೂ ಇರುವುದನ್ನು ಅನೇಕರು ನೋಡಿರಬಹುದು. “ಇದೇ ಕೊನೆಯ ವಾಹನ” ಎಂದು ಅದರ ಅರ್ಥ. ಆ ಫಲಕ ಕಣ್ಣಿಗೆ ಬಿದ್ದರೆ ಮಾತ್ರ ರೈಲು ಪೂರ್ತಿ ಬಂದಿದೆಯೆಂದು ನಿಲ್ದಾಣದವರು ನಂಬುತ್ತಾರೆ. ಸಿ ಭಾಷೆಯ ಸೊನ್ನೆಯು ಇಂಥದೊಂದು ಫಲಕ.

ಈಗ ಒಂದು ಸರಣಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡಬೇಕೆನ್ನಿ. ಅದಕ್ಕಾಗಿ ಇದ್ದ ಮೂಲ ಸೂತ್ರದ ಹೆಸರು ಸ್ಟ್ರ್‌ಕಾಪಿ. ಫಲಕ ಕಾಣುವ ತನಕ ಬೋಗಿಗಳನ್ನು ಸಾಗಿಸುವುದಷ್ಟೇ ಅದರ ಕೆಲಸ. ತಲುಪುವ ಕಡೆ ಎಷ್ಟು ಸ್ಥಳವಿದೆಯೆಂದು ಅದು ಕೇಳುವುದಿಲ್ಲ. ಹೇಳಲು ಬರೆದವನಿಗೂ ಅಲ್ಲಿ ಅವಕಾಶವಿಲ್ಲ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ೨೦೨೩ರ ಮಾರ್ಚ್ ೧೨ರಂದು ಲೋಕಾರ್ಪಣೆಯಾದ ಪ್ಲಾಟ್‌ಫಾರಂ ೧,೫೦೭ ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದವೆಂಬ ಕೀರ್ತಿ ಪಡೆಯಿತು. ಅಷ್ಟು ಉದ್ದದ ಪ್ಲಾಟ್‌ಫಾರಂ ಇದ್ದರೂ, ಬರುವ ಗಾಡಿಯ ಅಳತೆ ತಿಳಿಯದೆ ಅದನ್ನು ಒಳಗೆ ಬಿಡುವ ಸಿಬ್ಬಂದಿ ಯಾರೂ ಇಲ್ಲ. ಗಾಡಿ ಹಳಿಗಿಂತ ಉದ್ದವಾದರೆ ಅದರ ಬಾಲ ಪಕ್ಕದ ಮಾರ್ಗಕ್ಕೆ ಅಡ್ಡವಾಗುತ್ತದೆ. ಸ್ಟ್ರ್‌ಕಾಪಿಯ ಲೋಕದಲ್ಲಿ ಮಾತ್ರ ಆ ವಿಚಾರಣೆಯೇ ಇರಲಿಲ್ಲ.

ಐದಕ್ಷರದ ಮನೆಗೆ ಎಂಟಕ್ಷರದ ಊರು

೨೦೧೪ರ ನವೆಂಬರ್ ೧ರಂದು, ರಾಜ್ಯೋತ್ಸವದ ದಿನ, ಕರ್ನಾಟಕದ ಹಲವು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ರೋಮನ್ ಲಿಪಿಯಲ್ಲಿ ಐದು ಅಕ್ಷರಗಳ ‘ಹುಬ್ಲಿ’ ಎಂಟು ಅಕ್ಷರಗಳ ‘ಹುಬ್ಬಳ್ಳಿ’ ಆಯಿತು. ರೈಲ್ವೆಯವರ ‘ಯುಬಿಎಲ್’ ಎಂಬ ಮೂರಕ್ಷರದ ಸಂಕೇತಕ್ಕೆ ಇದರಿಂದ ಏನೂ ಆಗಲಿಲ್ಲ. ಆದರೆ ಹಳೆಯ ಹೆಸರನ್ನೇ ನಂಬಿ, ಐದು ಅಕ್ಷರಕ್ಕೂ ಒಂದು ಸೊನ್ನೆಗೂ ಸೇರಿ ಆರೇ ಬೈಟುಗಳ ಕೋಣೆಯನ್ನು ಯಾರೋ ಕಟ್ಟಿದ್ದರೆಂದು ದೃಷ್ಟಾಂತಕ್ಕಾಗಿ ಭಾವಿಸಬಹುದು. ಹೊಸ ಹೆಸರಿಗೆ ಬೇಕಾದುದು ಎಂಟು ಅಕ್ಷರ, ಒಂದು ಸೊನ್ನೆ, ಒಟ್ಟು ಒಂಬತ್ತು. ಸ್ಟ್ರ್‌ಕಾಪಿಯು ಮೊದಲ ಆರನ್ನು ಕೋಣೆಯೊಳಗೆ ತುಂಬಿ, ಉಳಿದ ಮೂರನ್ನು ಸ್ವಲ್ಪವೂ ಅಳುಕದೆ ಪಕ್ಕದ ಕೋಣೆಗೆ ಸುರಿಯುತ್ತದೆ.

ಪಕ್ಕದ ಕೋಣೆಯಲ್ಲಿ ಏನಿತ್ತು? ಒಂದು ಲೆಕ್ಕದ ಅಂಕಿ ಇದ್ದಿರಬಹುದು. “ಈ ವ್ಯಕ್ತಿಗೆ ಪ್ರವೇಶವುಂಟೋ ಇಲ್ಲವೋ” ಎಂಬ ಗುರುತು ಇದ್ದಿರಬಹುದು. “ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು” ಎಂಬ ವಿಳಾಸವೂ ಇದ್ದಿರಬಹುದು. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ. ಆ ವಿಳಾಸವನ್ನು ಬೇಕೆಂದೇ ತಿದ್ದಬಲ್ಲವನು ಯಂತ್ರವನ್ನು ತನಗೆ ಬೇಕಾದ ದಾರಿಗೆ ತಿರುಗಿಸಬಲ್ಲನು.

ಇದು ಕಲ್ಪನೆಯ ಭಯವಲ್ಲವೆಂದು ಲೋಕಕ್ಕೆ ತಿಳಿದದ್ದು ೧೯೮೮ರ ನವೆಂಬರ್ ೨ರಂದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಅಂದು ಜಾಲಕ್ಕೆ ಹರಿಯಬಿಟ್ಟ ‘ಹುಳು’ವು ಹಲವು ದಾರಿಗಳಿಂದ ಯಂತ್ರಗಳನ್ನು ಹೊಕ್ಕಿತು. ಆ ದಾರಿಗಳಲ್ಲಿ ಒಂದು ಸ್ಟ್ರ್‌ಕಾಪಿಯ ಸೋದರನಾದ, ಅದರಂತೆಯೇ ಅಳತೆ ಕೇಳದ ‘ಗೆಟ್ಸ್’ ಎಂಬ ಸೂತ್ರ. ೫೧೨ ಬೈಟುಗಳ ಕೋಣೆಗೆ ೫೩೬ ಬೈಟುಗಳನ್ನು ಸುರಿದುದರಿಂದ ಮರಳುವ ವಿಳಾಸವೇ ಬದಲಾಗಿ, ಯಂತ್ರವು ಹುಳುವಿನ ವಶವಾಯಿತು. ಸುಮಾರು ೬,೦೦೦ ಯಂತ್ರಗಳಿಗೆ ಅದು ತಗುಲಿತೆಂದು ಆಗ ಅಂದಾಜಾಗಿತ್ತು. ಹೆಚ್ಚಾದದ್ದು ಇಪ್ಪತ್ತನಾಲ್ಕು ಬೈಟು ಮಾತ್ರ! ಗೆಟ್ಸ್ ಸೂತ್ರವನ್ನು ಸಿ ಭಾಷೆಯ ಅಧಿಕೃತ ನಿಯಮಾವಳಿಯಿಂದ ಪೂರ್ತಿಯಾಗಿ ತೆಗೆದುಹಾಕಿದ್ದು ೨೦೧೧ರಲ್ಲಿ. ಕೆಟ್ಟ ಅಭ್ಯಾಸ ಬಿಡಲು ಮನುಷ್ಯನಿಗೆ ಎಷ್ಟು ಕಾಲ ಹಿಡಿಯುತ್ತದೆಯೋ, ಅವನ ಭಾಷೆಗೂ ಅಷ್ಟೇ ಹಿಡಿಯುತ್ತದೆ.

ಮದ್ದಿಗೂ ಮದ್ದು

ಹಾಗಾದರೆ ಅಳತೆ ಕೇಳುವ ಸೂತ್ರ ಇರಲೇ ಇಲ್ಲವೇ? ಇತ್ತು. ಅದರ ಹೆಸರು ಸ್ಟ್ರ್-ಎನ್-ಕಾಪಿ. “ಇಷ್ಟು ಬೈಟುಗಳಿಗಿಂತ ಹೆಚ್ಚು ಬರೆಯಬೇಡ” ಎಂದರೆ ಅದು ಕೇಳುತ್ತದೆ. ಆದರೆ ಅದು ಹುಟ್ಟಿದ ಉದ್ದೇಶವೇ ಬೇರೆ. ಹಳೆಯ ಯೂನಿಕ್ಸ್ ವ್ಯವಸ್ಥೆಯಲ್ಲಿ ಒಂದು ಕಡತದ ಹೆಸರಿಗೆ ಹದಿನಾಲ್ಕು ಬೈಟುಗಳು ಮೀಸಲಾಗಿದ್ದವು. ಹೆಸರು ಚಿಕ್ಕದಾದರೆ ಉಳಿದ ಸ್ಥಳಕ್ಕೆಲ್ಲ ಸೊನ್ನೆ ತುಂಬಬೇಕು. ಹದಿನಾಲ್ಕೂ ಭರ್ತಿಯಾದರೆ ಕೊನೆಯ ಸೊನ್ನೆಯೇ ಬೇಡ. ಆ ಪೆಟ್ಟಿಗೆಗೆ ಅದು ಸರಿಯಾದ ಕ್ರಮ. ಸಾಮಾನ್ಯ ಸರಣಿಗೆ ಅದೇ ಕ್ರಮ ಗಂಡಾಂತರ. ಆರು ಬೈಟುಗಳ ಕೋಣೆಗೆ ಹುಬ್ಬಳ್ಳಿಯ ಹೆಸರನ್ನು ಈ ಸೂತ್ರದಿಂದ ತುಂಬಿದರೆ ಪಕ್ಕದ ಕೋಣೆ ಹಾಳಾಗದು, ನಿಜ. ಆದರೆ ಕೊನೆಯ ಬೋಗಿಗೆ ಫಲಕವಿರುವುದಿಲ್ಲ. ಓದುವವನು ಫಲಕ ಹುಡುಕುತ್ತ ಪಕ್ಕದ ಕೋಣೆಯನ್ನೂ, ಅದರಾಚೆಯದನ್ನೂ ಓದುತ್ತಲೇ ಹೋಗುತ್ತಾನೆ. ಬರೆಯುವ ತಪ್ಪು ನಿಂತು, ಓದುವ ತಪ್ಪು ಆರಂಭವಾಯಿತು.

ಮೂರನೆಯದಾಗಿ ಬಂದದ್ದು ಸ್ಟ್ರ್-ಎಲ್-ಕಾಪಿ. ೧೯೯೮ರಲ್ಲಿ ಓಪನ್‌ಬಿಎಸ್‌ಡಿ ವ್ಯವಸ್ಥೆಗಾಗಿ ಟಾಡ್ ಮಿಲ್ಲರ್ ಮತ್ತು ಥಿಯೋ ಡಿ ರಾಟ್ ಇದನ್ನು ರಚಿಸಿದರು. ೨೦೦೩ರಲ್ಲಿ ಇದು ಲಿನಕ್ಸ್ ಕರ್ನಲ್‌ಗೂ ಬಂದಿತು. ಇದು ಅಳತೆಯನ್ನೂ ಮೀರದು, ಫಲಕವನ್ನೂ ಮರೆಯದು. ಆದರೆ ಇದಕ್ಕೊಂದು ಚಪಲವಿದೆ. ಕೆಲಸ ಮುಗಿದ ಮೇಲೆ, ಮೂಲ ಸರಣಿ ಒಟ್ಟು ಎಷ್ಟು ಉದ್ದವಿತ್ತೆಂದು ಇದು ವರದಿ ಕೊಡಬೇಕು. ಆ ವರದಿಗಾಗಿ, ಐದೇ ಅಕ್ಷರ ಬೇಕಿದ್ದರೂ ಮೂಲವನ್ನು ಕೊನೆಯತನಕ ಎಣಿಸುತ್ತದೆ. ಮೂಲದಲ್ಲೇ ಸೊನ್ನೆ ತಪ್ಪಿಹೋಗಿದ್ದರೆ? ಎಣಿಕೆ ಎಲ್ಲೆ ಮೀರಿ ಸಾಗುತ್ತದೆ. ಸಾಲದುದಕ್ಕೆ, ಕರ್ನಲ್‌ನಲ್ಲಿದ್ದ ಈ ಸೂತ್ರವು ಮೊದಲು ಎಣಿಸಿ, ಬಳಿಕ ನಕಲು ಮಾಡುತ್ತಿತ್ತು. ಈ ಎರಡರ ನಡುವಣ ಕ್ಷಣದಲ್ಲಿ ಇನ್ನಾರೋ ಮೂಲವನ್ನು ಬದಲಿಸಿದರೆ ಎಣಿಸಿದ್ದೊಂದು, ನಕಲಾದದ್ದು ಇನ್ನೊಂದು.

ಈ ಎಲ್ಲ ಅನುಭವದ ಫಲವಾಗಿ ಬಂದುದು ಸ್ಟ್ರ್-ಎಸ್-ಕಾಪಿ. ಕ್ರಿಸ್ ಮೆಟ್ಕಾಫ್ ರಚಿಸಿದ ಈ ಸೂತ್ರವು ಲಿನಕ್ಸ್‌ನ ೪.೩ನೆಯ ಆವೃತ್ತಿಯಲ್ಲಿ ಸೇರಿತು. ಆ ಆವೃತ್ತಿ ಬಿಡುಗಡೆಯಾದದ್ದು ೨೦೧೫ರ ನವೆಂಬರ್ ೧ರಂದು, ಹುಬ್ಬಳ್ಳಿಯ ಹೊಸ ಹೆಸರಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ. ಈ ಸೂತ್ರ ಕೋಣೆಗೆ ಹಿಡಿಸುವಷ್ಟನ್ನು ಮಾತ್ರ ಮೂಲದಿಂದ ತೆಗೆದುಕೊಳ್ಳುತ್ತದೆ. ಕೊನೆಗೆ ತಪ್ಪದೆ ಫಲಕ ಹಚ್ಚುತ್ತದೆ. ಹೆಸರು ಪೂರ್ತಿ ಹಿಡಿಸದಿದ್ದರೆ “ಕತ್ತರಿಸಬೇಕಾಯಿತು” ಎಂದು ಒಡನೆಯೇ ದೂರುತ್ತದೆ. ಮುಚ್ಚಿಡುವುದು ಅದರ ಸ್ವಭಾವದಲ್ಲಿಲ್ಲ.

ಕಣ್ಣುಮುಚ್ಚಿ ಬದಲಿಸಿದರೆ

ಇಷ್ಟು ಒಳ್ಳೆಯ ಸೂತ್ರ ದೊರೆತ ಮೇಲೆ ಹಳೆಯದನ್ನೆಲ್ಲ ಒಂದೇ ಏಟಿಗೆ ಅಳಿಸಿ ಹೊಸದನ್ನು ಬರೆದುಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ಯಂತ್ರಕ್ಕೆ ಹೇಳಿದರೆ ಅರೆಗಳಿಗೆಯ ಕೆಲಸ. ಅನುಭವಸ್ಥರು ಅದಕ್ಕೆ ಒಪ್ಪುವುದಿಲ್ಲ. ಒಪ್ಪದಿರಲು ಮೂರು ಬಲವಾದ ಕಾರಣಗಳಿವೆ.

ಮೊದಲನೆಯದು, ಫಲಕವೇ ಬೇಡವಾದ ಪೆಟ್ಟಿಗೆಗಳು. ಸ್ಕಸಿ ಎಂಬ ಸಂಪ್ರದಾಯವನ್ನು ಅನುಸರಿಸುವ ಡಿಸ್ಕುಗಳು ತಮ್ಮ ತಯಾರಕರ ಹೆಸರನ್ನು ಎಂಟು ಬೈಟುಗಳಲ್ಲಿ, ಮಾದರಿಯ ಹೆಸರನ್ನು ಹದಿನಾರು ಬೈಟುಗಳಲ್ಲಿ ತಿಳಿಸುತ್ತವೆ. ಅಲ್ಲಿ ಸೊನ್ನೆಗೆ ಸ್ಥಾನವಿಲ್ಲ. ಖಾಲಿ ಜಾಗವಿದ್ದರೆ ತೆರಪಿನ ಚಿಹ್ನೆ ತುಂಬುವುದು ರೂಢಿ. ಎಂಟಕ್ಷರದ ಹುಬ್ಬಳ್ಳಿ ಅಲ್ಲಿ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತದೆ. ಸ್ಟ್ರ್-ಎಸ್-ಕಾಪಿಯನ್ನು ತಂದು ಕೂರಿಸಿದರೆ ಅದು ಫಲಕಕ್ಕಾಗಿ ಕೊನೆಯ ಅಕ್ಷರವನ್ನೇ ಬಲಿಗೊಡುತ್ತದೆ. ಸುರಕ್ಷೆಯ ಹೆಸರಿನಲ್ಲಿ ಊರಿನ ಬಾಲ ಹೋಯಿತು.

ಎರಡನೆಯದು, ತುಂಬುವ ಸೊನ್ನೆಗಳು. ಸ್ಟ್ರ್-ಎನ್-ಕಾಪಿಯು ಉಳಿದ ಸ್ಥಳಕ್ಕೆಲ್ಲ ಸೊನ್ನೆ ತುಂಬುತ್ತದೆಯೆಂದು ಹಿಂದೆಯೇ ನೋಡಿದೆವು. ಸ್ಟ್ರ್-ಎಸ್-ಕಾಪಿಯು ಒಂದು ಸೊನ್ನೆಯಿಟ್ಟು ಸುಮ್ಮನಾಗುತ್ತದೆ. ಆ ಪೆಟ್ಟಿಗೆಯನ್ನು ಕರ್ನಲ್ ಹೊರಾಂಗಣದ ತಂತ್ರಾಂಶಕ್ಕೆ ಒಪ್ಪಿಸುವುದಾದರೆ, ಉಳಿದ ಸ್ಥಳದಲ್ಲಿ ಹಿಂದಿನ ಯಾವುದೋ ಕೆಲಸದ ಉಳಿಕೆ, ಗುಟ್ಟಾದುದೂ ಇರಬಹುದು, ಹಾಗೆಯೇ ಹೊರಬೀಳುತ್ತದೆ. ತೊಳೆಯದ ಡಬ್ಬಿಯಲ್ಲಿ ನೆರೆಮನೆಗೆ ಧಾರವಾಡ ಪೇಢೆ ಕಳಿಸಿದಂತೆ. ಪೇಢೆಯೊಡನೆ ನಿನ್ನೆಯ ಚಟ್ನಿಯೂ ಹೋಗುತ್ತದೆ. ಅಂಥ ಕಡೆ ಬಳಸಲು ಉಳಿದ ಸ್ಥಳವನ್ನೂ ಶುದ್ಧಗೊಳಿಸುವ ‘ಸ್ಟ್ರ್-ಎಸ್-ಕಾಪಿ-ಪ್ಯಾಡ್’ ಎಂಬ ಇನ್ನೊಂದು ಸೂತ್ರವುಂಟು. ಯಾವ ಪೆಟ್ಟಿಗೆ ಹೊರಗೆ ಹೋಗುತ್ತದೆ, ಯಾವುದು ಒಳಗೇ ಉಳಿಯುತ್ತದೆ ಎಂಬುದನ್ನು ಡ್ರೈವರಿನ ಪಾಠವನ್ನು ಓದಿಯೇ ತಿಳಿಯಬೇಕು.

ಮೂರನೆಯದು, ಸೂತ್ರ ಕೊಡುವ ಉತ್ತರ. ಸ್ಟ್ರ್-ಎಲ್-ಕಾಪಿ ಕೊಡುತ್ತಿದ್ದುದು ಮೂಲದ ಉದ್ದ. ಸ್ಟ್ರ್-ಎಸ್-ಕಾಪಿ ಕೊಡುವುದು ನಕಲಾದ ಅಕ್ಷರಗಳ ಸಂಖ್ಯೆ; ಕತ್ತರಿಸಬೇಕಾಗಿ ಬಂದರೆ ಋಣ ಏಳು. ಹಳೆಯ ಡ್ರೈವರ್ ಆ ಉತ್ತರದಷ್ಟು ಮುಂದೆ ಸರಿದು ಇನ್ನೊಂದು ಹೆಸರು ಬರೆಯುವಂತಿದ್ದರೆ, ಹೊಸ ಸೂತ್ರದೊಡನೆ ಅದು ಏಳು ಮನೆ ಹಿಂದಕ್ಕೆ ಹೋಗಿ ಬರೆಯುತ್ತದೆ! ತಡೆಯಲು ಹೊರಟ ಅನಾಹುತವೇ ಬೇರೆ ಬಾಗಿಲಿನಿಂದ ಒಳಬಂದಿತು.

ಆದುದರಿಂದಲೇ ಲಿನಕ್ಸ್‌ನ ಹಿರಿಯರು ಪ್ರತಿಯೊಂದು ಬದಲಾವಣೆಯ ಜೊತೆಗೂ ವಿವರಣೆಯನ್ನು ಕೇಳುತ್ತಾರೆ. ಈ ಪೆಟ್ಟಿಗೆಗೆ ಕೊನೆಯ ಸೊನ್ನೆ ಬೇಕೇ? ಉಳಿದ ಸ್ಥಳಕ್ಕೆ ಸೊನ್ನೆ ತುಂಬಬೇಕೇ? ಉತ್ತರವನ್ನು ಯಾರಾದರೂ ಬಳಸುತ್ತಿದ್ದಾರೆಯೇ? ಬದಲಾದದ್ದು ಒಂದು ಸಾಲು. ಅದನ್ನು ಸಮರ್ಥಿಸುವ ಬರಹ ಹಲವೊಮ್ಮೆ ಇಪ್ಪತ್ತು ಸಾಲು. ಹೀಗೆ ಒಂದೊಂದಾಗಿ ತೆಗೆದು, ೨೦೨೪ರ ಮಾರ್ಚ್ ತಿಂಗಳಲ್ಲಿ ಬಂದ ೬.೮ನೆಯ ಆವೃತ್ತಿಯಲ್ಲಿ ಸ್ಟ್ರ್-ಎಲ್-ಕಾಪಿಯನ್ನು ಕರ್ನಲ್‌ನಿಂದ ಸಂಪೂರ್ಣವಾಗಿ ಹೊರಹಾಕಲಾಯಿತು. ೨೦೦೩ರಲ್ಲಿ ಮದ್ದೆಂದು ಬಂದುದು ಇಪ್ಪತ್ತೊಂದು ವರ್ಷಗಳ ಮೇಲೆ ರೋಗವೆಂದು ಹೋಯಿತು. ಸ್ಟ್ರ್-ಎನ್-ಕಾಪಿಯ ಹೆಸರೂ ಬಳಸಬಾರದವುಗಳ ಪಟ್ಟಿಗೆ ಸೇರಿತು.

ಕತ್ತರಿಸಿದ ಹೆಸರು

ಎಲ್ಲವೂ ಸರಿಯಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಕನ್ನಡಿಗರಿಗೆ ವಿಶೇಷವಾದದ್ದು. ಯುಟಿಎಫ್-೮ ಎಂಬ ಈಗಿನ ಸಂಕೇತಕ್ರಮದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಹುಬ್ಬಳ್ಳಿ’ ಕಣ್ಣಿಗೆ ಮೂರೇ ಅಕ್ಷರ. ಯಂತ್ರಕ್ಕೆ ಮಾತ್ರ ಅದು ಹಕಾರ, ಉಕಾರದ ಕೊಂಬು, ಬಕಾರ, ವಿರಾಮ, ಮತ್ತೆ ಬಕಾರ ಎಂದು ಸಾಗಿ ಒಂಬತ್ತು ಚಿಹ್ನೆ, ಇಪ್ಪತ್ತೇಳು ಬೈಟು. ಲಿನಕ್ಸ್‌ನಲ್ಲಿ ಜಾಲದ ಕಾರ್ಡಿನ ಹೆಸರಿಗೆ ಮೀಸಲಾದ ಸ್ಥಳ ಸೊನ್ನೆಯೂ ಸೇರಿ ಹದಿನಾರು ಬೈಟು. ಅಷ್ಟೇ ಅಗಲದ ಕೋಣೆಗೆ ನಮ್ಮ ಊರಿನ ಹೆಸರನ್ನು ಸ್ಟ್ರ್-ಎಸ್-ಕಾಪಿಯಿಂದ ಹಾಕಿದರೆ ಹದಿನೈದು ಬೈಟು, ಅಂದರೆ ಐದು ಚಿಹ್ನೆ ಹಿಡಿಸಿ, ‘ಹುಬ್ಬ’ ಎಂದು ಉಳಿಯುತ್ತದೆ. ಊರು ಹೋಗಿ ಮಳೆಯ ನಕ್ಷತ್ರ ಉಳಿಯಿತು! ಕೋಣೆ ಒಂದು ಬೈಟು ಕಿರಿದಾದರಂತೂ ಕೊನೆಯ ಚಿಹ್ನೆ ನಡುವೆಯೇ ತುಂಡಾಗಿ, ಯಾವ ಲಿಪಿಗೂ ಸೇರದ ಚೂರು ಉಳಿಯುತ್ತದೆ.

ಪಕ್ಕದ ಕೋಣೆ ಹಾಳಾಗಲಿಲ್ಲ, ಯಂತ್ರ ಕುಸಿಯಲಿಲ್ಲ; ಹೆಸರು ಮಾತ್ರ ಸುಳ್ಳಾಯಿತು. “ಕತ್ತರಿಸಬೇಕಾಯಿತು” ಎಂದು ಸೂತ್ರವು ದೂರಿದಾಗ ಆ ದೂರನ್ನು ಕೇಳಿಸಿಕೊಳ್ಳುವವನು ಇರಬೇಕು. ಉತ್ತರವನ್ನು ನೋಡದೆ ಮುಂದೆ ಹೋಗುವ ಡ್ರೈವರಿಗೆ ಯಾವ ಸೂತ್ರವೂ ರಕ್ಷೆಯಾಗದು.

ಈ ಅಳತೆಯ ಚಿಂತೆ ಬರೀ ಪಂಡಿತರ ಚರ್ಚೆಯಲ್ಲವೆಂದು ೨೦೨೪ರ ಜುಲೈ ೧೯ರಂದು ಜನಸಾಮಾನ್ಯರಿಗೂ ಅರಿವಾಯಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ಡ್ರೈವರ್ ವಿಂಡೋಸ್ ಯಂತ್ರಗಳ ಕರ್ನಲ್‌ನೊಳಗೆ ಎಡವಿತು. ಅದು ಅಕ್ಷರ ನಕಲಿನ ದೋಷವಲ್ಲ. ಆದರೆ ಅಳತೆಯ ದೋಷವೇ. ಇಪ್ಪತ್ತು ಅಂಶಗಳಿದ್ದ ಪಟ್ಟಿಯಲ್ಲಿ ಇಪ್ಪತ್ತೊಂದನೆಯದನ್ನು ಓದಲು ಹೋಗಿ, ತನ್ನದಲ್ಲದ ಸ್ಥಳಕ್ಕೆ ಕೈಚಾಚಿತು. ಸುಮಾರು ೮೫ ಲಕ್ಷ ಯಂತ್ರಗಳು ಇದಕ್ಕೆ ತುತ್ತಾದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನ ಸಂಸ್ಥೆಗಳ ಸಿಬ್ಬಂದಿ ಕಾಗದ ಲೇಖನಿ ಹಿಡಿದು ಪ್ರಯಾಣಿಕರ ಹೆಸರು ಬರೆದುಕೊಳ್ಳಬೇಕಾಯಿತು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೧೯೪೭ರಲ್ಲಿ ಆರಂಭವಾದ ಬಿ. ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡಕ್ಕೆ ೨೦೧೫ರಲ್ಲಿ ಐಐಐಟಿ, ೨೦೧೬ರಲ್ಲಿ ಐಐಟಿ ಬಂದಿವೆ. ಅವಳಿ ನಗರದಲ್ಲಿ ಸಿ ಭಾಷೆ ಕಲಿಯುವ ಮಕ್ಕಳಿಗೆ ಇಂದು ಬರವಿಲ್ಲ. ಸ್ಟ್ರ್‌ಕಾಪಿಯನ್ನು ಅವರು ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಅದರ ಜೊತೆಗೇ ಅದರ ಕಥೆಯನ್ನೂ ಕಲಿತರೆ, ಅವರು ಬರೆಯುವ ಡ್ರೈವರನ್ನು ಮುಂದೆ ಇನ್ನೊಬ್ಬರು ತಿದ್ದುವ ಕಷ್ಟ ತಪ್ಪುತ್ತದೆ. ಲಿನಕ್ಸ್‌ನ ಪಾಠ ಎಲ್ಲರ ಮುಂದೆ ತೆರೆದಿದೆ. ತಿದ್ದುಪಡಿ ಕಳುಹಿಸಲು ಮಿಂಚಂಚೆಯ ವಿಳಾಸವೊಂದಿದ್ದರೆ ಸಾಕು. ಆದರೆ ಪ್ರತಿಯೊಂದು ತಿದ್ದುಪಡಿಯ ಅಡಿಯಲ್ಲೂ, ಕಳುಹಿಸಿದವರು ತಮ್ಮ ಹೆಸರಿನ ಸಹಿ ಹಾಕಬೇಕು. ಆ ಹೆಸರು ಕರ್ನಲ್‌ನ ಇತಿಹಾಸದಲ್ಲಿ ಉಳಿಯುತ್ತದೆ. ಸಹಿ ಹಾಕುವ ಮುನ್ನ ಕೋಣೆಯನ್ನೊಮ್ಮೆ ಅಳೆದು ನೋಡುವುದು ಲೇಸು.